ಹೊನವಾಡದ ಶಾಸನದ ಕೇತಲದೇವಿ: ಒಂದು ಹೆಣ್ಣುಹೆಸರಿನ ಹುಟ್ಟು, ಅರ್ಥ ಮತ್ತು ಬಳಕೆ

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿಗೆ ಸೇರಿದ ಹೊನವಾಡಕ್ಕೆ ಕನ್ನಡ ಶಾಸನಗಳ ಅಧ್ಯಯನದಲ್ಲಿ ಗಣ್ಯ ಸ್ಥಾನ ದೊರೆತಿರುವುದು ಶಕವರ್ಷ 976ರ, ಎಂದರೆ ಕ್ರಿ.ಶ. 1054ರ, ಒಂದು ಶಾಸನದಿಂದ. ಸಂಸ್ಕೃತ ಮತ್ತು ಕನ್ನಡ ಎರಡೂ ಭಾಷೆಗಳಲ್ಲಿ ರಚಿತವಾದ ಈ ಶಾಸನವನ್ನು ಜೆ.ಎಫ್. ಫ್ಲೀಟ್ ಅವರು 1890ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯ 19ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ ಅವನ ರಾಣಿ ಕೇತಲದೇವಿಯು ಪೊನ್ನವಾಡದ ಅಗ್ರಹಾರವನ್ನು ಆಳುತ್ತಿದ್ದಳೆಂಬುದೂ, ಅವಳ ಅಧಿಕಾರಿಯಾದ ಚಾಂಕಿರಾಜನು ಅಲ್ಲಿ ‘ತ್ರಿಭುವನತಿಲಕ’ವೆಂಬ ಜಿನಾಲಯವನ್ನು ಕಟ್ಟಿಸಿ ಶಾಂತಿನಾಥ ತೀರ್ಥಂಕರನನ್ನು ಪ್ರತಿಷ್ಠಾಪಿಸಿದನೆಂಬುದೂ, ರಾಣಿಯ ಬಿನ್ನಹದ ಮೇಲೆ ಚಕ್ರವರ್ತಿಯು ಆ ಜಿನಾಲಯಕ್ಕೆ ಭೂಮಿಯನ್ನು ದತ್ತಿಯಾಗಿ ಬಿಟ್ಟನೆಂಬುದೂ ಅದರಿಂದ ತಿಳಿಯುತ್ತವೆ. ಜೈನಧರ್ಮದ ಇತಿಹಾಸವನ್ನು ಬರೆದವರು ಜಿನಾಲಯಕ್ಕಾಗಿಯೂ ಮಹಾಸೇನ ಮುನಿಯ ಗುರುಪರಂಪರೆಗಾಗಿಯೂ ಈ ಶಾಸನವನ್ನು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಚಾಲುಕ್ಯರ ಇತಿಹಾಸಕಾರರು ಆಡಳಿತ ನಡೆಸಿದ ರಾಣಿಯರ ಸಾಲಿನಲ್ಲಿ ಕೇತಲದೇವಿಯನ್ನು ಎಣಿಸಿದ್ದಾರೆ. ಅವಳ ಹೆಸರಿನ ಮೇಲೆ ಮಾತ್ರ ಹೆಚ್ಚಿನ ಗಮನ ಬಿದ್ದಿಲ್ಲ. ಇಂದು ಕನ್ನಡನಾಡಿನಲ್ಲಿ ಹುಟ್ಟುವ ಹೆಣ್ಣುಮಗುವಿಗೆ ಇಡುವುದು ಅತಿ ವಿರಳವಾಗಿರುವ ಈ ಹೆಸರು ಯಾವ ಬಗೆಯದು, ಅದರ ಅರ್ಥವೇನು, ಯಾರು ಯಾರು ಅದನ್ನು ಇಟ್ಟುಕೊಂಡಿದ್ದರು, ಬಳಕೆಯಿಂದ ಅದು ಏಕೆ ಜಾರಿತು ಎಂಬ ಪ್ರಶ್ನೆಗಳು ಪ್ರಸ್ತುತ ಉಪನ್ಯಾಸದ ವಿಷಯ.

ಹೆಸರನ್ನು ಬಿಡಿಸುವ ಮೊದಲು ಊರಿನ ಹೆಸರಿನ ಬಗೆಗೆ ಎರಡು ಮಾತು ಅಗತ್ಯ. ಶಾಸನದ ‘ಪೊನ್ನವಾಡ’ವೇ ಇಂದಿನ ಹೊನವಾಡ. ‘ಪೊನ್’ ಎಂದರೆ ಚಿನ್ನ. ಹಳಗನ್ನಡದಲ್ಲಿ ಪದದ ಮೊದಲಲ್ಲಿದ್ದ ಪಕಾರವು ಸುಮಾರು ಹತ್ತನೆಯ ಶತಮಾನದಿಂದ ಹಕಾರವಾಗತೊಡಗಿ, ‘ಪಾಲ್’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ, ‘ಪೊನ್’ ಎಂಬುದೂ ‘ಹೊನ್ನು’ ಆಯಿತು; ಮುಂದೆ ಆಡುಮಾತಿನಲ್ಲಿ ದ್ವಿತ್ವ ಸಡಿಲಿ ‘ಹೊನ್ನವಾಡ’ವು ‘ಹೊನವಾಡ’ವಾಗಿ ನಿಂತಿತು. ಹೀಗೆ ಸುಮಾರು ಸಾವಿರ ವರ್ಷಗಳ ಕಾಲ ಜನರ ನಾಲಗೆಯ ಮೇಲೆ ಒಂದು ಅಕ್ಷರವನ್ನು ಬದಲಿಸಿಕೊಂಡು, ಇನ್ನೊಂದನ್ನು ಸವೆಸಿಕೊಂಡು ಊರಿನ ಹೆಸರು ಉಳಿದುಬಂದಿದೆ. ಅದೇ ಕಲ್ಲಿನ ಮೇಲೆ ಅದರ ಪಕ್ಕದಲ್ಲೇ ಕೊರೆಯಲ್ಪಟ್ಟ ಹೆಣ್ಣುಹೆಸರು ಕಲ್ಲಿನಲ್ಲಿ ಸವೆಯದೆ ನಿಂತರೂ ನಾಲಗೆಯಿಂದ ಇಳಿದುಹೋಯಿತು. ಒಂದೇ ಶಾಸನದ ಎರಡು ಹೆಸರುಗಳ ಈ ಬೇರೆ ಬೇರೆ ಗತಿಯನ್ನು ಮುಂದಿನ ಚರ್ಚೆಯುದ್ದಕ್ಕೂ ನೆನಪಿನಲ್ಲಿಡಬೇಕು.

‘ಕೇತಲದೇವಿ’ ಎಂಬುದರಲ್ಲಿ ಮೂರು ತುಂಡುಗಳಿವೆ: ಕೇತ, ಲ, ದೇವಿ. ಕೊನೆಯ ‘ದೇವಿ’ ಎಂಬುದು ಗೌರವವಾಚಕ. ಅದನ್ನು ತೆಗೆದರೆ ‘ಕೇತಲೆ’ ಎಂಬ ಹೆಸರು ಉಳಿಯುತ್ತದೆ. ನಡುವಿನ ‘ಲ’ಕಾರವು ಹನ್ನೊಂದು, ಹನ್ನೆರಡನೆಯ ಶತಮಾನಗಳ ಕನ್ನಡ ಹೆಣ್ಣುಹೆಸರುಗಳ ಎದ್ದುಕಾಣುವ ಗುರುತು. ಇದೇ ಸೋಮೇಶ್ವರನ ಇತರ ರಾಣಿಯರಲ್ಲಿ ಬನವಾಸಿಯನ್ನು ಆಳಿದ ಮೈಳಲದೇವಿ, ಆರನೆಯ ವಿಕ್ರಮಾದಿತ್ಯನ ತಾಯಿ ಬಾಚಲದೇವಿ ಎಂಬವರಿದ್ದರು. ವಿಕ್ರಮಾದಿತ್ಯನ ರಾಣಿಯರಲ್ಲಿ ಚಂದಲದೇವಿ, ಜಕ್ಕಲದೇವಿ ಎಂಬವರಿದ್ದರು. ಹೊಯ್ಸಳರ ಅರಮನೆಯಲ್ಲಿ ವಿಷ್ಣುವರ್ಧನನ ತಾಯಿ ಏಚಲದೇವಿ, ಅವನ ಪಟ್ಟದರಸಿ ಶಾಂತಲದೇವಿ, ಇನ್ನೊಬ್ಬ ರಾಣಿ ಬಮ್ಮಲದೇವಿ ಎಂಬವರಿದ್ದರು. ಇವೆಲ್ಲವುಗಳ ಕಟ್ಟಡ ಒಂದೇ ಬಗೆಯದು: ಎರಡು ಅಕ್ಷರದ ಒಂದು ಮೂಲ, ಅದಕ್ಕೊಂದು ಲಕಾರ, ಬೇಕೆನಿಸಿದಾಗ ‘ದೇವಿ’.

ಮೂಲದ ಎರಡಕ್ಷರ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಲು ಹೆಚ್ಚು ಸ್ಪಷ್ಟವಾಗಿರುವ ಹೆಸರುಗಳನ್ನು ಮೊದಲು ನೋಡುವುದು ಒಳ್ಳೆಯದು. ಚಂದಲದೇವಿಯ ವಿಷಯದಲ್ಲಿ ಸಾಕ್ಷ್ಯ ನೇರವಾಗಿಯೇ ಇದೆ. ಕರಹಾಟದ, ಎಂದರೆ ಇಂದಿನ ಕರಾಡದ, ಶಿಲಾಹಾರ ವಂಶದ ಆ ರಾಜಕುಮಾರಿಯನ್ನು ಕಾಶ್ಮೀರದ ಕವಿ ಬಿಲ್ಹಣನು ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಚಂದ್ರಲೇಖೆಯೆಂದು ಕರೆದಿದ್ದಾನೆ, ಕನ್ನಡ ಶಾಸನಗಳು ಅವಳನ್ನು ಚಂದಲದೇವಿಯೆನ್ನುತ್ತವೆ. ಸಂಸ್ಕೃತದ ಉದ್ದ ಹೆಸರಿನ ಮೊದಲ ಎರಡಕ್ಷರವನ್ನು ಉಳಿಸಿಕೊಂಡು, ಒತ್ತಕ್ಷರವನ್ನು ಬಿಟ್ಟು, ಲಕಾರ ಸೇರಿಸಿದರೆ ಮನೆಯಲ್ಲಿ ಕರೆಯುವ ಹೆಸರು ಸಿದ್ಧವಾಗುತ್ತದೆ. ಬ್ರಹ್ಮ ಎಂಬುದರ ತದ್ಭವವಾದ ‘ಬಮ್ಮ’ದಿಂದ ಬಮ್ಮಲೆ, ಯಕ್ಷಿಯ ತದ್ಭವವಾದ ‘ಜಕ್ಕಿ’ಯಿಂದ ಜಕ್ಕಲೆ, ಲಕ್ಷ್ಮಿಯ ‘ಲಕ್ಕಿ’ಯಿಂದ ಲಕ್ಕಲೆ ಆಗುವುದೂ ಇದೇ ದಾರಿಯಲ್ಲಿ. ತದ್ಭವವೆಂದರೆ ಸಂಸ್ಕೃತದ ಶಬ್ದವು ಕನ್ನಡಿಗರ ಉಚ್ಚಾರಕ್ಕೆ ಒಗ್ಗಿ ಬದಲಾದ ರೂಪ. ವಿಷ್ಣುವರ್ಧನನ ಸೇನಾಪತಿ ಗಂಗರಾಜನ ಹೆಂಡತಿಯು ಶ್ರವಣಬೆಳಗೊಳದ ಶಾಸನಗಳಲ್ಲಿ ಲಕ್ಷ್ಮೀಮತಿಯೂ ಹೌದು, ಲಕ್ಕಲೆಯೂ ಹೌದು. ಒಂದು ಹಾಡಿಹೊಗಳುವ ಪದ್ಯದ ಹೆಸರು, ಇನ್ನೊಂದು ಮನೆಯಂಗಳದ ಹೆಸರು.

ಈ ಬಗೆಯ ಹೆಸರು ಕೇವಲ ಮೊಟಕಾದುದಲ್ಲ, ಅಕ್ಕರೆಯದು. ಹೆಸರನ್ನು ಚಿಕ್ಕದು ಮಾಡಿ ಅಕ್ಕರೆ ತೋರುವ ಪದ್ಧತಿಯನ್ನು ಪಾಣಿನಿಯು ‘ಅಷ್ಟಾಧ್ಯಾಯಿ’ಯ ಐದನೆಯ ಅಧ್ಯಾಯದಲ್ಲಿ ವ್ಯಾಕರಣಕ್ಕೆ ಅಳವಡಿಸಿದ್ದಾನೆ: ದೇವದತ್ತನೆಂಬುವನನ್ನು ಅನುಕಂಪೆಯಿಂದ, ಪ್ರೀತಿಯಿಂದ ಕರೆಯುವಾಗ ದೇವಿಕ, ದೇವಿಯ, ದೇವಿಲ ಎಂಬ ರೂಪಗಳಾಗುತ್ತವೆ, ಹೆಸರಿನ ಎರಡನೆಯ ಸ್ವರದಿಂದಾಚೆಗಿನ ಭಾಗ ಲೋಪವಾಗುತ್ತದೆ. ‘ದೇವಿಲ’ದ ಲಕಾರಕ್ಕೂ ‘ಕೇತಲೆ’ಯ ಲಕಾರಕ್ಕೂ ನೇರವಾದ ರಕ್ತಸಂಬಂಧವಿದೆಯೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಎರಡಕ್ಷರ ಉಳಿಸುವುದು, ಲಕಾರ ಹಚ್ಚುವುದು, ಅದರಿಂದ ಆಪ್ತತೆಯನ್ನು ಸೂಚಿಸುವುದು ಎಂಬ ಮೂರೂ ಲಕ್ಷಣಗಳು ಕೂಡಿಬರುವ ಈ ಹೋಲಿಕೆಯು ಗಮನಕ್ಕೆ ಅರ್ಹವಾಗಿದೆ ಎಂಬಷ್ಟನ್ನು ಮಾತ್ರ ಹೇಳಬಹುದು.

ಲಕಾರದ ರೂಪದ ಜೊತೆಗೆ ಕನ್ನಡಕ್ಕೆ ತನ್ನದೇ ಆದ ಇನ್ನೊಂದು ರೂಪವೂ ಇತ್ತು. ಅದು ‘ಅಬ್ಬೆ’, ‘ಅವ್ವೆ’, ‘ಅಕ್ಕ’ ಎಂಬ ಸಂಬಂಧವಾಚಕಗಳನ್ನು ಹಚ್ಚುವ ರೂಪ. ಗಂಗರಾಜನ ತಾಯಿ ಪೋಚಿಕಬ್ಬೆಯೂ ಹೌದು, ಪೋಚಲದೇವಿಯೂ ಹೌದು. ಎರಡನೆಯ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿಯಾಗಿ, 1181ರಲ್ಲಿ ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು ಕಟ್ಟಿಸಿದ ಆಚಿಯಕ್ಕನೇ ಆಚಲದೇವಿ. ಬಸದಿಗೆ ಜನರ ಬಾಯಲ್ಲಿ ಉಳಿದ ಹೆಸರು ‘ದೇವಿ’ಯದಲ್ಲ, ‘ಅಕ್ಕ’ನದು. ಹಾಗೆ ನೋಡಿದರೆ ಕೇತಲದೇವಿಗೆ ಕೇತವ್ವೆ, ಕೇತಬ್ಬೆ ಎಂಬವು ಸಹೋದರ ರೂಪಗಳು. ರಾಣಿಗೆ ‘ದೇವಿ’ ಸಲ್ಲುವುದು ಪದವಿಯಿಂದ. ‘ಕೇತಲೆ’ ಎಂಬುದು ಅವಳಿಗೆ ತೊಟ್ಟಿಲಲ್ಲಿ ದೊರೆತದ್ದು.

ಇನ್ನು ‘ಕೇತ’ ಎಂಬ ಮೂಲದ ಅರ್ಥ. ಇಂದಿನ ಓದುಗರಿಗೆ ಮೊದಲು ಹೊಳೆಯುವುದು ಕೇತಕಿ, ಎಂದರೆ ಕೇದಗೆಯ ಹೂವು. ಮಹಾರಾಷ್ಟ್ರದಲ್ಲಿ ಕೇತಕಿ ಎಂಬುದು ಹೆಣ್ಣುಮಕ್ಕಳ ಹೆಸರಾಗಿ ಪರಿಚಿತವೂ ಆಗಿರುವುದರಿಂದ ಗಡಿಯ ಈ ಭಾಗದಲ್ಲಿ ಆ ಊಹೆ ಸಹಜ. ಆದರೂ ಅದನ್ನು ಒಪ್ಪುವುದು ಕಷ್ಟ. ಕೇತಕಿಯು ಕನ್ನಡಿಗರ ಬಾಯಲ್ಲಿ ತದ್ಭವವಾಗುವಾಗ ತಕಾರವನ್ನು ದಕಾರ ಮಾಡಿಕೊಂಡು ‘ಕೇದಗೆ’ಯಾಯಿತು, ಹೆಸರು ಅದರಿಂದ ಹುಟ್ಟಿದ್ದರೆ ದಕಾರ ಕಾಣಬೇಕಿತ್ತು. ಅದಕ್ಕಿಂತ ಬಲವಾದ ಆಕ್ಷೇಪವೆಂದರೆ, ಶಿವನ ಪೂಜೆಗೆ ಕೇದಗೆ ಸಲ್ಲದೆಂಬ ಪುರಾಣಕಥೆ ಶೈವರಲ್ಲಿ ಪ್ರಸಿದ್ಧವಾಗಿದ್ದು, ಈ ಹೆಸರು ಶಿವಭಕ್ತರ ಮನೆಗಳಲ್ಲೇ ಹೆಚ್ಚು ಸಲುಗೆಯಿಂದ ಓಡಾಡಿದೆ. ಎಲ್ಲಕ್ಕೂ ಮಿಗಿಲಾಗಿ ‘ಕೇತ’ ಎಂಬುದು ಗಂಡಸರ ಹೆಸರಾಗಿ ಹೆಂಗಸರ ಹೆಸರಿಗಿಂತ ಹೆಚ್ಚು ಹರಡಿತ್ತು. ಬಿದಿರಿನ ಬುಟ್ಟಿ ಹೆಣೆಯುತ್ತ ‘ಗವರೇಶ್ವರ’ ಎಂಬ ಅಂಕಿತದಲ್ಲಿ ವಚನ ರಚಿಸಿದ ಶರಣ ಮೇದರ ಕೇತಯ್ಯ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ನಿರ್ಮಾಣದೊಡನೆ ಹೆಸರು ಬೆಸೆದುಕೊಂಡಿರುವ ಕೇತಮಲ್ಲ, ಆಂಧ್ರದಲ್ಲಿ ಹದಿಮೂರನೆಯ ಶತಮಾನದ ಕವಿ ಕೇತನ ಇವರೆಲ್ಲರೂ ಇದೇ ಮೂಲದ ಹೆಸರಿನವರು. ಈ ಕೇತನನು, ಕಲ್ಯಾಣದಲ್ಲಿ ಬಾಳಿದ ವಿಜ್ಞಾನೇಶ್ವರನ ‘ಮಿತಾಕ್ಷರಾ’ವನ್ನು ತೆಲುಗಿಗೆ ತಂದವನೆಂಬುದು ಚಾಲುಕ್ಯರ ಪ್ರಸ್ತಾಪ ಬಂದಾಗ ನೆನೆಯತಕ್ಕ ಸಂಗತಿ.

ಗಂಡುಹೆಸರಿಗೂ ಹೆಣ್ಣುಹೆಸರಿಗೂ ಸಮಾನವಾಗಿ ಹೊಂದುವ ಮೂಲವೆಂದರೆ ಸಂಸ್ಕೃತದ ‘ಕೇತು’ ಅಥವಾ ‘ಕೇತನ’. ‘ಕೇತು’ವಿಗೆ ವೇದದಲ್ಲಿ ಬೆಳಕು, ಕಿರಣ, ಗುರುತು ಎಂಬ ಅರ್ಥಗಳಿವೆ, ದೂರದಿಂದ ಕಂಡು ಗುರುತಿಸುವಂಥದು ಎಂಬ ಭಾವದಿಂದಲೇ ಮುಂದೆ ಅದಕ್ಕೆ ಬಾವುಟ ಎಂಬ ಅರ್ಥ ಬಂದಿತು. ‘ಕೇತನ’ಕ್ಕೂ ಬಾವುಟ, ಗುರುತು, ಮನೆ ಎಂಬ ಅರ್ಥಗಳಿದ್ದು, ‘ನಿಕೇತನ’ ಎಂಬ ಶಬ್ದದಲ್ಲಿ ಮನೆಯೆಂಬ ಅರ್ಥ ಇಂದಿಗೂ ಜೀವಂತವಾಗಿದೆ. ಹಳಗನ್ನಡ ಕಾವ್ಯದ ಓದುಗರಿಗೆ ಮೀನಿನ ಬಾವುಟದ ಮನ್ಮಥನಾದ ಮೀನಕೇತನನೂ, ಹನುಮನ ಬಾವುಟದ ಅರ್ಜುನನಾದ ಕಪಿಕೇತನನೂ ಪರಿಚಿತರು. ಎತ್ತಿನ ಬಾವುಟದ ಶಿವನಿಗೆ ವೃಷಭಕೇತನನೆಂಬ ಹೆಸರಿರುವುದರಿಂದ ಶೈವರ ಮನೆಗಳಲ್ಲಿ ಕೇತಯ್ಯ, ಕೇತಲೆ ಎಂಬ ಹೆಸರುಗಳು ಆ ಕಡೆಯಿಂದ ಬಂದಿರುವ ಸಾಧ್ಯತೆ ಗಟ್ಟಿಯಾಗಿದೆ. ಹೀಗೆ ಕೇತಲೆಯೆಂದರೆ ‘ಬಾವುಟದಂತೆ ಎದ್ದು ಕಾಣುವವಳು’ ಎಂದು ಅರ್ಥೈಸುವುದು ನಿಘಂಟಿಗೆ ಒಪ್ಪುವ ಮಾತು. ಆದರೂ ಹನ್ನೊಂದನೆಯ ಶತಮಾನದ ತಾಯಿತಂದೆಯರು ಮಗಳಿಗೆ ಕೇತಲೆಯೆಂದು ಹೆಸರಿಟ್ಟಾಗ ನಿಘಂಟಿನ ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಭಾವಿಸಬೇಕಿಲ್ಲ. ಇಂದು ಕಲ್ಲಪ್ಪ, ಮಲ್ಲವ್ವ ಎಂದು ಹೆಸರಿಡುವವರು ಮೂಲಶಬ್ದವನ್ನು ಬಿಡಿಸಿ ನೋಡದಂತೆ ಅಂದಿನವರಿಗೂ ಅದು ಮನೆತನದಲ್ಲಿ ಸಾಗಿಬಂದ ಹೆಸರಾಗಿತ್ತು.

ಈ ಹೆಸರು ಅರಮನೆಯದಷ್ಟೇ ಆಗಿತ್ತೆಂಬ ಭಾವನೆ ಚರಿತ್ರೆಯ ಪುಸ್ತಕಗಳನ್ನು ಓದಿದವರಲ್ಲಿ ಮೂಡುವುದು ಸಹಜ, ಏಕೆಂದರೆ ಆ ಪುಸ್ತಕಗಳಲ್ಲಿ ಅದು ರಾಣಿಯರಿಗೇ ಅಂಟಿಕೊಂಡು ಬರುತ್ತದೆ. ಈ ಭಾವನೆಯನ್ನು ಸಂಪೂರ್ಣವಾಗಿ ಅಳಿಸುವ ಸಾಕ್ಷ್ಯವು ಶರಣಸಾಹಿತ್ಯದಲ್ಲಿದೆ. ಇಂದಿನ ಬೀದರ ಜಿಲ್ಲೆಯ ಭಾಲ್ಕಿಯವನೆಂದು ಹೇಳಲಾಗುವ ಕುಂಬಾರ ಗುಂಡಯ್ಯನು ಗಡಿಗೆ ತಟ್ಟುವ ಸದ್ದನ್ನೇ ಪೂಜೆಯಾಗಿಸಿ ಶಿವನನ್ನು ಕುಣಿಸಿದವನು. ಹರಿಹರನು ಅವನ ಮೇಲೆ ಒಂದು ರಗಳೆಯನ್ನು ರಚಿಸಿದ್ದಾನೆ. ರಗಳೆಯೆಂದರೆ ಲಯಬದ್ಧವಾದ ಸಾಲುಗಳಲ್ಲಿ ಓಡುವ ಕಥನಕಾವ್ಯದ ಒಂದು ಬಗೆ. ಈ ಗುಂಡಯ್ಯನ ಹೆಂಡತಿಯ ಹೆಸರು ಕೇತಲದೇವಿ. ವಚನಗಳ ಕಟ್ಟುಗಳಲ್ಲಿ ಅವಳನ್ನು ‘ಗುಂಡಯ್ಯಗಳ ಪುಣ್ಯಸ್ತ್ರೀ ಕೇತಲದೇವಿ’ ಎಂದು ಗುರುತಿಸಲಾಗಿದ್ದು, ‘ಪುಣ್ಯಸ್ತ್ರೀ’ ಎಂಬುದು ಶರಣರ ಹೆಂಡತಿಯರಿಗೆ ಸಲ್ಲುವ ಗೌರವದ ಮಾತು. ಅವಳದೆಂದು ದೊರೆತಿರುವುದು ಒಂದೇ ವಚನ. ಅದರ ಅಂಕಿತದಲ್ಲಿ, ಎಂದರೆ ರಚಿಸಿದವರ ಗುರುತಾಗಿ ಕೊನೆಯಲ್ಲಿ ಬರುವ ದೇವರ ಹೆಸರಿನಲ್ಲಿ, ಕುಂಭವೇ ಇದೆ. ಹದಗೊಂಡ ಮಣ್ಣಿಲ್ಲದೆ ಗಡಿಗೆಯಾಗದೆಂಬ ತನ್ನ ಕಸುಬಿನ ಅನುಭವದಿಂದ ಹೊರಟು ವ್ರತದ ನಿಷ್ಠೆಯನ್ನು ಹೇಳುವ ಆ ವಚನವು ಮಣ್ಣನ್ನು ತುಳಿದು, ನಾದಿ, ಅದರ ಹದವನ್ನು ಬೆರಳ ತುದಿಯಲ್ಲಿ ಅರಿತವಳಿಗೆ ಮಾತ್ರ ಸಾಧ್ಯವಾಗುವ ಮಾತು.

ಒಂದು ಶತಮಾನದ ಅಂತರದಲ್ಲಿ ಚಕ್ರವರ್ತಿಯ ರಾಣಿಗೂ ಕುಂಬಾರನ ಹೆಂಡತಿಗೂ ಒಂದೇ ಹೆಸರು ಇದ್ದುದು ಆಕಸ್ಮಿಕವಲ್ಲ. ದೇವರ ದಾಸಿಮಯ್ಯನೆಂದೂ ಪ್ರಸಿದ್ಧನಾದ ನೇಕಾರ ಜೇಡರ ದಾಸಿಮಯ್ಯನ ಹೆಂಡತಿ ದುಗ್ಗಳೆ; ದುರ್ಗೆಯ ತದ್ಭವವಾದ ‘ದುಗ್ಗ’ಕ್ಕೆ ಅದೇ ಪ್ರತ್ಯಯ ಹತ್ತಿ ಆ ಹೆಸರಾಗಿದ್ದು, ‘ದೇವಿ’ಯ ಹೊದಿಕೆಯಿಲ್ಲದ ಬರಿಯ ಹೆಸರು ಹೇಗಿರುತ್ತಿತ್ತೆಂಬುದನ್ನು ಅದು ತೋರಿಸಿಕೊಡುತ್ತದೆ. ಮಗ್ಗದ ಮನೆಯ ದುಗ್ಗಳೆ, ಆವಿಗೆಯ ಮನೆಯ ಕೇತಲೆ, ಅರಮನೆಯ ಚಂದಲೆ ಮೂವರೂ ಒಂದೇ ಅಚ್ಚಿನಲ್ಲಿ ಹುಟ್ಟಿದ ಹೆಸರುಗಳನ್ನು ಹೊತ್ತವರು. ಅಂದಿನ ರಾಣಿಯರು ಚಕ್ರವರ್ತಿಯ ಮನೆಗೆ ಬಂದುದು ಸಾಮಂತರ, ದಂಡನಾಯಕರ ಮನೆಗಳಿಂದ. ಅಲ್ಲಿ ಮಾತು ಕನ್ನಡವೇ ಆಗಿತ್ತು, ಹೆಸರೂ ನೆರೆಹೊರೆಯವರದೇ ಆಗಿತ್ತು. ಪ್ರಶಸ್ತಿಗಳಲ್ಲಿ ಸಂಸ್ಕೃತದ ಬಿರುದುಗಳು ಎಷ್ಟೇ ಸಾಲುಗಟ್ಟಿದರೂ ರಾಣಿಯ ಸ್ವಂತ ಹೆಸರಿನ ಜಾಗದಲ್ಲಿ ಈ ಮನೆಮಾತಿನ ರೂಪವೇ ಬಂದು ನಿಲ್ಲುವುದನ್ನು ಕನ್ನಡದ ಮೇಲೆ ಪ್ರೀತಿಯುಳ್ಳವರು ಹೆಮ್ಮೆಯಿಂದಲೇ ಕಾಣಬೇಕು.

ಈ ಎರಡನೆಯ ಕೇತಲದೇವಿಗೂ ವಿಜಯಪುರಕ್ಕೂ ಒಂದು ನಂಟಿದೆ. ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಕೂಡಿಹಾಕಿ ಅಚ್ಚಿಗೆ ತರುವ ಕೆಲಸಕ್ಕೆ ತಮ್ಮ ಬಾಳನ್ನೇ ಕೊಟ್ಟ ಫ.ಗು. ಹಳಕಟ್ಟಿಯವರು (1880–1964) ನೆಲೆಸಿದ್ದು ವಿಜಯಪುರದಲ್ಲಿ. ಅವರ ‘ವಚನಶಾಸ್ತ್ರಸಾರ’ವು 1923ರಲ್ಲಿ ಹೊರಬಂದು, 1926ರಿಂದ ‘ಶಿವಾನುಭವ’ ಪತ್ರಿಕೆಯು ಶರಣಸಾಹಿತ್ಯವನ್ನು ಮನೆಮನೆಗೆ ಒಯ್ಯತೊಡಗಿತು. ಹೀಗೆ ರಾಣಿ ಕೇತಲದೇವಿಯನ್ನು ಕಲ್ಲಿನ ಮೇಲೆ ಉಳಿಸಿದ ಹೊನವಾಡವೂ, ಶರಣೆ ಕೇತಲದೇವಿಯಂಥವರ ಮಾತನ್ನು ಅಚ್ಚಿನಲ್ಲಿ ಉಳಿಸುವ ಕೆಲಸಕ್ಕೆ ತಳಹದಿ ಹಾಕಿದ ಊರೂ ಒಂದೇ ಜಿಲ್ಲೆಯಲ್ಲಿವೆ.

ಮೂರನೆಯವಳು ಹೊಯ್ಸಳರ ನಾಡಿನವಳು. ಎರಡನೆಯ ವೀರಬಲ್ಲಾಳನ ಕಿರಿಯ ರಾಣಿಯಾದ ಈ ಕೇತಲದೇವಿಯು ಅರಸನೊಡನೆ ಹಳೇಬೀಡಿನ ಕೇದಾರೇಶ್ವರ ದೇವಾಲಯವನ್ನು ಸುಮಾರು 1219ರಲ್ಲಿ ಕಟ್ಟಿಸಿದವಳು. ಅವಳನ್ನು ‘ಅಭಿನವ ಕೇತಲದೇವಿ’ ಎಂದು ಕರೆದಿರುವುದು ವಿಚಾರಾರ್ಹ. ‘ಅಭಿನವ’ ಎಂದರೆ ಹೊಸ. ನಾಗಚಂದ್ರನು ತನ್ನನ್ನು ಅಭಿನವ ಪಂಪನೆಂದು ಕರೆದುಕೊಂಡಾಗ ಕೇಳುವವರಿಗೆ ಮೊದಲಿನ ಪಂಪ ಗೊತ್ತಿದ್ದನೆಂಬ ಭರವಸೆ ಅದರಲ್ಲಿತ್ತು. ಅದೇ ನ್ಯಾಯದಿಂದ ‘ಹೊಸ ಕೇತಲದೇವಿ’ ಎಂಬ ಮಾತು, ಹಳೆಯ ಕೇತಲದೇವಿಯೊಬ್ಬಳು ಅಂದಿನವರ ನೆನಪಿನಲ್ಲಿದ್ದಳೆಂಬುದನ್ನು ಸೂಚಿಸುತ್ತದೆ. ಆ ಹಳೆಯವಳು ಪೊನ್ನವಾಡದ ಒಡತಿಯೇ ಎಂದು ಪಟ್ಟುಹಿಡಿಯುವುದು ಅತಿಯಾಗುತ್ತದೆ; ಹೊಯ್ಸಳರದೇ ಅರಮನೆಯ ಹಿರಿಯಳೊಬ್ಬಳೂ ಆಗಿರಬಹುದು. ಯಾರೇ ಆಗಿರಲಿ, ಹದಿಮೂರನೆಯ ಶತಮಾನದ ಮೊದಲ ಪಾದದಲ್ಲಿ ಈ ಹೆಸರಿಗೆ ಹಿಂದಿನವರ ಹಿರಿಮೆಯ ನೆನಪು ಬೆನ್ನಿಗಿತ್ತು ಎಂಬುದು ಸ್ಪಷ್ಟ.

ಹೆಸರುಗಳ ಜನಪ್ರಿಯತೆಯನ್ನು ಅಳೆಯುವ ಸಾಧನಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆಯು 1880ರಿಂದ ಈಚೆಗೆ ಹುಟ್ಟಿದವರಲ್ಲಿ ಯಾವ ವರ್ಷ ಯಾವ ಹೆಸರು ಎಷ್ಟು ಮಂದಿಗೆ ಇತ್ತೆಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಹಿಂದಿನ ಕನ್ನಡನಾಡಿನ ಹೆಸರುಗಳಿಗೆ ಶಾಸನಗಳೇ ಜನಗಣತಿ, ಮತ್ತು ಆ ಗಣತಿ ಏಕಮುಖವಾದದ್ದು: ದತ್ತಿ ಕೊಟ್ಟವರು, ಕೆರೆ ಕಟ್ಟಿಸಿದವರು, ಸಲ್ಲೇಖನದಿಂದ ದೇಹ ಬಿಟ್ಟವರು, ಅರಸರ ಮನೆಯವರು ಅದರಲ್ಲಿ ಸೇರುತ್ತಾರೆಯೇ ಹೊರತು ಹೊಲದಲ್ಲಿ ಕಳೆ ತೆಗೆದವರ ಹೆಸರು ಸೇರುವುದಿಲ್ಲ. ಅಂಥ ಏಕಮುಖ ಸಾಕ್ಷ್ಯದ ನಡುವೆಯೂ ಹನ್ನೊಂದನೆಯ ಶತಮಾನದ ವಿಜಯಪುರ ಸೀಮೆ, ಹನ್ನೆರಡನೆಯ ಶತಮಾನದ ಭಾಲ್ಕಿ, ಹದಿಮೂರನೆಯ ಶತಮಾನದ ಹಳೇಬೀಡು ಎಂಬ ಮೂರು ನೆಲೆಗಳಲ್ಲಿ, ಜೈನ ಬಸದಿಯ ದತ್ತಿಯೊಡನೆ ಒಮ್ಮೆ, ಶರಣರ ಕಾಯಕದೊಡನೆ ಒಮ್ಮೆ, ಶಿವಾಲಯದೊಡನೆ ಒಮ್ಮೆ ಈ ಹೆಸರು ಕಾಣಿಸಿಕೊಂಡಿರುವುದು, ಕನ್ನಡನಾಡಿನ ಉದ್ದಕ್ಕೂ ಅದು ಮತ ಮತ್ತು ಕಸುಬಿನ ಗೆರೆಗಳನ್ನು ದಾಟಿ ಬಳಕೆಯಲ್ಲಿತ್ತೆಂದು ಹೇಳಲು ಸಾಕಾದ ಆಧಾರ.

ಹಾಗಾದರೆ ಅದು ಹೋದದ್ದೇಕೆ? ಮೊದಲು ಹೇಳಿಬರುವ ಕಾರಣ ಕೇತುಗ್ರಹದ ಭಯ. ರಾಹು, ಕೇತುಗಳನ್ನು ಅಶುಭವೆಂದು ಬಗೆಯುವ ಕುಟುಂಬಗಳಿಗೆ ಮಗುವಿನ ಹೆಸರಿನ ಮೊದಲಲ್ಲೇ ‘ಕೇತ’ ಕೇಳಿಸುವುದು ಹಿತವಾಗದು. ‘ಕೇಡು’ ಎಂಬ ಶಬ್ದದ ನೆರಳೂ ಸಮೀಪದಲ್ಲೇ ಇದೆ. ಇಂದು ಹೆಸರನ್ನು ಆರಿಸುವವರ ಮಟ್ಟಿಗೆ ಈ ಕಾರಣ ನಿಜವಿರಬಹುದು, ಆದರೆ ಹೆಸರು ಅಳಿದುದಕ್ಕೆ ಇದು ಮೂಲಕಾರಣವಾಗಲಾರದು. ಚಾಲುಕ್ಯರ ಕಾಲದವರಿಗೆ ಗ್ರಹಗತಿಯ ಅರಿವು ಇಂದಿನವರಿಗಿಂತ ಕಡಿಮೆಯಿರಲಿಲ್ಲ; ಸೂರ್ಯಗ್ರಹಣ, ಚಂದ್ರಗ್ರಹಣಗಳ ಹೊತ್ತನ್ನು ನೋಡಿ ದತ್ತಿ ಬಿಡುತ್ತಿದ್ದವರು, ಆ ಹೊತ್ತನ್ನು ಶಾಸನದಲ್ಲಿ ಬರೆಸುತ್ತಿದ್ದವರು ಅವರೇ. ಗ್ರಹಣವನ್ನೂ ಕೇತುವನ್ನೂ ಅಷ್ಟು ಹತ್ತಿರದಿಂದ ಬಲ್ಲವರು ಮಗಳಿಗೆ ಕೇತಲೆಯೆಂದೂ ಮಗನಿಗೆ ಕೇತಯ್ಯನೆಂದೂ ಕರೆದು ನಿಶ್ಚಿಂತರಾಗಿದ್ದರು.

ಎರಡನೆಯ ಕಾರಣ ವ್ಯಾಕರಣಕ್ಕೆ ಸಂಬಂಧಿಸಿದ್ದು. ‘ಅಬ್ಬೆ’ಯು ‘ಅವ್ವೆ’ಯಾಗಿ, ‘ಅವ್ವ’ವಾಗಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಹೊಸ ಹೆಸರನ್ನು ಕಟ್ಟುವ ಶಕ್ತಿ ಉಳಿಸಿಕೊಂಡಿದೆ: ಗಂಗವ್ವ, ನೀಲವ್ವ, ಕಲ್ಲವ್ವ, ಶಾಂತವ್ವ. ಮರಾಠಿಯ ಸಂಪರ್ಕದಿಂದ ಬಂದ ‘ಬಾಯಿ’ ಎಂಬುದು ಗುರುಬಾಯಿ, ಶಿವಬಾಯಿ, ಶಾಂತಾಬಾಯಿಯರನ್ನು ಕೊಟ್ಟಿದೆ. ಇವೆರಡರ ನಡುವೆ ‘ಲೆ’ ಪ್ರತ್ಯಯವು ಹೊಸ ಹೆಸರುಗಳನ್ನು ಕಟ್ಟುವುದನ್ನು ನಿಲ್ಲಿಸಿತು. ಮೈಳಲೆ, ಬಾಚಲೆ, ಚಂದಲೆ, ಜಕ್ಕಲೆಯರೆಲ್ಲ ಒಟ್ಟಿಗೇ ಮರೆಯಾದರು. ಹೀಗಿದ್ದರೂ ಕೇತವ್ವ ಎಂಬ ರೂಪದಲ್ಲಾದರೂ ಮೂಲ ಉಳಿಯಬಹುದಿತ್ತಲ್ಲವೇ ಎಂಬ ಪ್ರಶ್ನೆಗೆ ಪ್ರತ್ಯಯದ ಕಥೆಯಲ್ಲಿ ಉತ್ತರವಿಲ್ಲ.

ಉತ್ತರ ಹೆಸರಿಡುವ ಮನೆಯಲ್ಲಿದೆ. ಈ ಸೀಮೆಯಲ್ಲಿ ಕೂಸನ್ನು ತೊಟ್ಟಿಲಲ್ಲಿ ಹಾಕುವ ದಿನ ಸೋದರತ್ತೆಯು ಅದರ ಕಿವಿಯಲ್ಲಿ ಹೆಸರನ್ನು ಉಸುರುತ್ತಾಳೆ, ಸುತ್ತ ನೆರೆದ ಹೆಂಗಸರು ಅವಳ ಬೆನ್ನಿಗೆ ಸಲುಗೆಯಿಂದ ಗುದ್ದುತ್ತಾರೆ. ಆ ಹೊತ್ತಿಗೆ ಉಸುರುವ ಹೆಸರು ಬಹುಮಟ್ಟಿಗೆ ಎರಡು ಕಡೆಯಿಂದ ಬರುತ್ತಿತ್ತು: ತೀರಿಹೋದ ಅಜ್ಜಿ ಅಥವಾ ಮುತ್ತಜ್ಜಿಯಿಂದ, ಇಲ್ಲವೇ ಹರಕೆ ಹೊತ್ತ ದೈವದಿಂದ. ಅಜ್ಜಿಯ ಹೆಸರು ಮೊಮ್ಮಗಳಿಗೆ ಬಂದಾಗ, ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಲಾರದ ಸೊಸೆ ತನ್ನ ಮಗಳನ್ನೇ ‘ಅವ್ವಾ’, ‘ತಾಯಿ’ ಎಂದು ಕರೆಯುತ್ತಾಳೆ. ಹೆಸರು ಹೀಗೆ ಮರ್ಯಾದೆಯ ಮರೆಯಲ್ಲಿದ್ದುಕೊಂಡೇ ಒಂದು ತಲೆಮಾರು ದಾಟಿ ಇನ್ನೊಂದಕ್ಕೆ ಹೋಗುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಹೆಸರನ್ನು ಮತ್ತೆ ಎತ್ತಿಕೊಡುವುದು ದೈವ ಮಾತ್ರ, ಮತ್ತು ದೈವದ ಹೆಸರಿಗೆ ಜಾತ್ರೆಯಿದೆ, ಗುಡಿಯಿದೆ, ಹರಕೆಯಿದೆ.

ಹೊನವಾಡದವರಿಗೆ ಇದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಗಡಿಯಾಚೆ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಗುಡ್ಡಾಪುರದಲ್ಲಿ ನೆಲೆಸಿರುವ ದಾನಮ್ಮದೇವಿಯು ಉಮರಾಣಿಯಲ್ಲಿ ಲಿಂಗಮ್ಮಳಾಗಿ ಹುಟ್ಟಿ, ಶರಣರ ಸಂಗದಲ್ಲಿ ಮಾಡಿದ ದಾಸೋಹ, ದಾನಗಳಿಂದ ದಾನಮ್ಮಳೆನಿಸಿದಳೆಂದು ಪರಂಪರೆ ಹೇಳುತ್ತದೆ. ವಿಜಯಪುರ, ಬೆಳಗಾವಿ, ಸಾಂಗಲಿ, ಸೊಲ್ಲಾಪುರ ಸೀಮೆಗಳಲ್ಲಿ ದಾನಮ್ಮ, ದಾನವ್ವ, ದಾನೇಶ್ವರಿ ಎಂಬ ಹೆಸರುಗಳು ಮನೆಮಾತಾಗಿದ್ದು, ತೆಂಕಣ ಕರ್ನಾಟಕಕ್ಕೆ ಇಳಿದಂತೆ ಅಪರೂಪವಾಗುತ್ತವೆ. ಗುಡ್ಡಾಪುರಕ್ಕೆ ನಡೆದುಹೋಗುವ ಭಕ್ತರ ಹಾದಿಗಳು ಎಲ್ಲಿಯವರೆಗೆ ಚಾಚಿವೆಯೋ ಅಲ್ಲಿಯವರೆಗೆ ಹೆಸರೂ ಚಾಚಿದೆ. ದಾನಮ್ಮನೂ ಕುಂಬಾರರ ಕೇತಲದೇವಿಯೂ ಒಂದೇ ಶರಣಚಳವಳಿಗೆ ಸೇರಿದವರು. ಒಬ್ಬಳಿಗೆ ಗುಡಿಯಾಯಿತು, ಹರಕೆ ಹತ್ತಿತು, ಹೆಸರು ಸಾವಿರಾರು ತೊಟ್ಟಿಲುಗಳನ್ನು ತಲುಪಿತು. ಇನ್ನೊಬ್ಬಳು ವಚನದ ಕಟ್ಟಿನಲ್ಲಿ ಒಂದು ಪುಟವಾಗಿ ಉಳಿದಳು. ಪೊನ್ನವಾಡದ ರಾಣಿಗೂ ಗುಡಿಯಿಲ್ಲ. ಅವಳ ಬಿನ್ನಹದಿಂದ ದತ್ತಿ ಪಡೆದ ಜಿನಾಲಯದ ಹೆಸರು ‘ತ್ರಿಭುವನತಿಲಕ’ವೇ ಹೊರತು ಅವಳದಲ್ಲ.

ಗುಡಿಯಿಲ್ಲದ ಹೆಸರು ಮತ್ತೆ ಚಿಗುರಲಾರದೆ ಎಂದರೆ, ಚಿಗುರಿದ ನಿದರ್ಶನವೊಂದು ಕಣ್ಣಮುಂದೆಯೇ ಇದೆ. ಶಾಂತಲೆಯ ಹೆಸರೂ ಇದೇ ಅಚ್ಚಿನದು, ಇದೇ ಕಾಲದ್ದು, ಇದೇ ರೀತಿ ಶತಮಾನಗಳ ಕಾಲ ಬೇಲೂರು, ಶ್ರವಣಬೆಳಗೊಳಗಳ ಕಲ್ಲಿನಲ್ಲಿ ಮಲಗಿದ್ದದ್ದು. ಇಪ್ಪತ್ತನೆಯ ಶತಮಾನದಲ್ಲಿ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಬಂದಿತು, ಮುಂದೆ ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಬೃಹತ್ ಕಾದಂಬರಿ ಬಂದು 1983ರ ಮೂರ್ತಿದೇವಿ ಪ್ರಶಸ್ತಿಯನ್ನೂ ಪಡೆಯಿತು. ಓದುವ ಹೆಣ್ಣುಮಕ್ಕಳು ಹೆಚ್ಚಿದ ಆ ದಶಕಗಳಲ್ಲಿ ಶಾಂತಲೆಯು ನೃತ್ಯ, ಶಿಲ್ಪ, ಧೀಮಂತಿಕೆಗಳ ಹೆಸರಾಗಿ ಮನೆಗಳಿಗೆ ಮರಳಿದಳು. ಇಂದು ‘ಶಾಂತಲಾ’ ಎಂಬುದು ಕನ್ನಡಿಗರಿಗೆ ಹಳೆಯ ಹೆಸರೆನಿಸುವುದಿಲ್ಲ. ಕೇತಲೆಗೆ ಅಂಥ ಕಾದಂಬರಿಕಾರರು ದೊರೆಯಲಿಲ್ಲವೆಂಬುದು ಹೆಸರಿನ ದೋಷವಲ್ಲ. ಗಂಡನು ಚೋಳರೊಡನೆ ಕೊಪ್ಪದ ಘೋರ ಯುದ್ಧದಲ್ಲಿ ತೊಡಗಿದ್ದ ಆಸುಪಾಸಿನ ದಿನಗಳಲ್ಲೇ ಬ್ರಾಹ್ಮಣರ ಅಗ್ರಹಾರವನ್ನು, ಎಂದರೆ ವಿದ್ವಾಂಸರ ಜೀವನಕ್ಕೆಂದು ಬಿಟ್ಟ ಗ್ರಾಮವನ್ನು, ಆಳುತ್ತ, ಅದೇ ಊರಿನ ಜೈನ ಬಸದಿಗೆ ಭೂಮಿಯನ್ನು ಬೇಡಿ ಕೊಡಿಸಿದ ಹೆಂಗಸಿನ ಕಥೆ ಬರೆಯುವವರ ಕೈಗೆ ಇನ್ನೂ ಕಾದಿದೆ. ಮಣ್ಣಿನ ಹದವನ್ನು ವ್ರತಕ್ಕೆ ಅಳತೆಯಾಗಿಸಿದ ಕುಂಬಾರಗಿತ್ತಿಯ ಕಥೆಯೂ ಹಾಗೆಯೇ.

ಮರಳಿ ಬಳಕೆಗೆ ತರಬಯಸುವವರಿಗೆ ರೂಪದ ವಿಷಯದಲ್ಲಿ ತೊಡಕೇನೂ ಇಲ್ಲ. ಶಾಸನಭಾಷೆಯ ‘ಶಾಂತಲೆ’ಯು ಇಂದಿನ ಬರವಣಿಗೆಯಲ್ಲಿ ‘ಶಾಂತಲಾ’ ಆದಂತೆ ‘ಕೇತಲೆ’ಯು ‘ಕೇತಲಾ’ ಆಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ಕೂಡಲೇ ‘ಕೇತವ್ವ’ವಾಗಿ ಕರೆಯಿಸಿಕೊಳ್ಳುವುದು ನಿಶ್ಚಯ, ಮತ್ತು ಆ ರೂಪವೂ ಮೂಲಕ್ಕೆ ಅಷ್ಟೇ ನಿಷ್ಠವಾದದ್ದು. ಅವಸರವೂ ಬೇಕಿಲ್ಲ: ಜನನ ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆಯೂ, ಆಮೇಲೆ ತಡದ ಶುಲ್ಕ ತೆತ್ತು ಹದಿನೈದು ವರ್ಷಗಳವರೆಗೂ ಮಗುವಿನ ಹೆಸರನ್ನು ದಾಖಲೆಯಲ್ಲಿ ಸೇರಿಸಲು ನಿಯಮಗಳಲ್ಲಿ ಅವಕಾಶವಿದೆ. ಅಂಥ ದಾಖಲೆಯೊಂದರಲ್ಲಿ ಊರಿನ ಜಾಗದಲ್ಲಿ ಹೊನವಾಡವೆಂದೂ ಮಗುವಿನ ಜಾಗದಲ್ಲಿ ಕೇತಲಾ ಎಂದೂ ಬರೆಯಲ್ಪಟ್ಟರೆ, 1054ರ ಕಲ್ಲಿನ ಮೇಲೆ ಒಟ್ಟಿಗಿದ್ದ ಎರಡು ಹೆಸರುಗಳು ಮತ್ತೊಮ್ಮೆ ಒಂದೇ ಬರಹದಲ್ಲಿ ಕೂಡಿದಂತಾಗುತ್ತದೆ.